ಮುಂದಿನ ಕಾರ್ಯಕ್ರಮ ಯಾರದು?

ನಮ್ಮಲ್ಲಿ ಕಾದಂಬರಿಗೆ ವಿಮರ್ಶೆ ಇದೆ. ನಾಟಕಕ್ಕಿದೆ, ಸಿನಿಮಾಕ್ಕೂ ಇದೆ. ಒಂದು ಕವನ ಸಂಕಲನ ಹೊರಬಂದರೆ ಅದರ ಪ್ರತಿಮೆ, ಲಯ, ಧೋರಣೆ ಅಂತ ನಾಲ್ಕು ಪುಟ ಬರೆಯುವ ಮೇಷ್ಟರುಗಳಿದ್ದಾರೆ. ಆದರೆ ದಿನಾ ಸಂಜೆ ನಡುಮನೆಗೇ ಬಂದು ಕೂರುವ ಟೀವಿಯ ಕಾರ್ಯಕ್ರಮ ಪಟ್ಟಿಗೆ ವಿಮರ್ಶೆ ಇಲ್ಲ. 'ಮುಂದಿನ ಕಾರ್ಯಕ್ರಮಗಳು' ಅಂತ ಪರದೆಯ ಮೇಲೆ ಬರುತ್ತದೆ. ಒಂದು ಕಡೆ ಹೊತ್ತು, ಇನ್ನೊಂದು ಕಡೆ ಹೆಸರು. ಬಸ್ ಸ್ಟ್ಯಾಂಡಿನ ಬೋರ್ಡು ಓದಿದ ಹಾಗೆ ಓದಿ ಬಿಡುತ್ತೇವೆ. ಬಸ್ಸು ನಮ್ಮೂರಿಗೆ ಬರದಿದ್ದರೆ ಡಿಪೋ ಮುಂದೆ ಧರಣಿ ಕೂಡುತ್ತೇವೆ. ಈ ಪಟ್ಟಿಯಲ್ಲಿ ನಮ್ಮೂರು ಇಲ್ಲದಿದ್ದರೆ ಮಾತ್ರ ಸುಮ್ಮನಿರುತ್ತೇವೆ.

ಪಟ್ಟಿ ಅಂದರೇನು? ಇವರಿಗೆ ಇಷ್ಟು ಹೊತ್ತು, ಅವರಿಗೆ ಅಷ್ಟು ಹೊತ್ತು, ಇನ್ನು ಕೆಲವರಿಗೆ ಹೊತ್ತೇ ಇಲ್ಲ ಎಂಬ ತೀರ್ಮಾನ. ಊರಲ್ಲಿ ನೆಲ ಹಂಚಿಕೆಯಾದ ಹಾಗೆಯೇ ಇಲ್ಲಿ ಹೊತ್ತು ಹಂಚಿಕೆಯಾಗುತ್ತದೆ. ಕಾಲುವೆ ಪಕ್ಕದ ಹೊಲ ಯಾರಿಗೆ ಹೋಯಿತು, ಊರಾಚೆಯ ಕಲ್ಲುಭೂಮಿ ಯಾರಿಗೆ ಉಳಿಯಿತು ಅಂತ ಕೇಳಿದಂತೆ ರಾತ್ರಿ ಎಂಟು ಗಂಟೆ ಯಾರಿಗೆ ಹೋಯಿತು, ಮಧ್ಯಾಹ್ನದ ನಿದ್ದೆಯ ಹೊತ್ತು ಯಾರಿಗೆ ಬಂತು ಅಂತ ಕೇಳಬೇಕು. ಖಾಸಗಿ ವಾಹಿನಿಯ ಪಟ್ಟಿಯನ್ನು ಜಾಹೀರಾತಿನವನು ಬರೆಯುತ್ತಾನೆ. ಅವನ ಅಂಗಡಿ, ಅವನ ತಕ್ಕಡಿ. ದೂರದರ್ಶನ ಹಾಗಲ್ಲ. ಬೆಂಕಿಪೊಟ್ಟಣ, ಸಾಬೂನು ಕೊಂಡಾಗ ಕೂಲಿಯವಳೂ ಕಟ್ಟುವ ತೆರಿಗೆಯಲ್ಲಿ ಅದು ನಡೆಯುತ್ತದೆ. ಅಲ್ಲಿ 'ಮುಂದೇನು' ಅಂತ ಕೇಳುವುದು ಹಕ್ಕಿನ ಮಾತು.

ಮಾತನ್ನು ಗಾಳಿಗೆ ಬಿಡದೆ ಒಂದೇ ಕೇಂದ್ರವನ್ನು ಹಿಡಿಯೋಣ: ಕಲಬುರಗಿ ದೂರದರ್ಶನ.

1

ಕರ್ನಾಟಕದಲ್ಲಿ ಟೀವಿ ಮೊದಲು ಬಂದದ್ದು ಬೆಂಗಳೂರಿಗೆ ಅಂತಲೇ ಬಹಳ ಮಂದಿ ತಿಳಿದಿದ್ದಾರೆ. ಬೆಂಗಳೂರು ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಅದಕ್ಕೂ ನಾಲ್ಕು ವರ್ಷ ಮೊದಲು, 1977ರಲ್ಲಿ, ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಇತ್ತು. ಅದಕ್ಕೂ ಮೊದಲು ನಮ್ಮ ಕಡೆಯ ಹಳ್ಳಿಗಳಿಗೆ ಟೀವಿ ಬಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ನಾಸಾದಿಂದ ಒಂದು ವರ್ಷದ ಮಟ್ಟಿಗೆ ಸಿಕ್ಕ ಎಟಿಎಸ್-6 ಉಪಗ್ರಹ, ಇಸ್ರೋದ ಎಂಜಿನಿಯರುಗಳು, ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಹೊಡೆಯುವ ತಂತಿ ಬಲೆಯ ಛತ್ರಿ, ಕೆಳಗೆ ಒಂದು ಪೆಟ್ಟಿಗೆ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ.

ಆ ಪೆಟ್ಟಿಗೆಯನ್ನು ಇಟ್ಟದ್ದು ಗೌಡರ ವಾಡೆಯೊಳಗಲ್ಲ. ಶಾಲೆ, ಪಂಚಾಯ್ತಿಯಂಥ ಎಲ್ಲರ ಕಟ್ಟಡಗಳಲ್ಲಿ. ಇದು ಸಣ್ಣ ಸಂಗತಿಯಲ್ಲ. ದೇವಸ್ಥಾನ ಒಬ್ಬರದು, ಬಾವಿ ಒಬ್ಬರದು, ಹೋಟೆಲಿನ ಕಪ್ಪು ಬೇರೆ ಬೇರೆ ಅನ್ನುವ ಊರಲ್ಲಿ ಇದು ಎಲ್ಲರದು ಅಂತ ಸರ್ಕಾರ ತಂದಿಟ್ಟ ಒಂದು ವಸ್ತು ಅದು. ಮೆಟ್ಟಿಲ ಮೇಲೆ ಯಾರು ಕೂತರು, ಅಂಗಳದಲ್ಲಿ ಯಾರು ನಿಂತರು ಎಂಬ ಪ್ರಶ್ನೆ ಇದ್ದೇ ಇದೆ. ಆದರೂ ಕಾಗದದ ಮೇಲಾದರೂ ಅದು ಸಾರ್ವಜನಿಕ ಎಂಬುದನ್ನು ನಾವು ಗಮನಿಸಬೇಕು.

ಇನ್ನೊಂದನ್ನೂ ಗಮನಿಸಬೇಕು. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಿತ್ತು. ಪತ್ರಿಕೆಗಳ ಬಾಯಿ ಕಟ್ಟಿದ ಹೊತ್ತಿನಲ್ಲೇ ಹಳ್ಳಿಗೆ ಟೀವಿಯ ಬಾಯಿ ಬಂತು. ಗೊಬ್ಬರ, ಬೀಜ, ಕುಟುಂಬ ಯೋಜನೆ, ಸರ್ಕಾರದ ಸಾಧನೆ. ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಸಂಶೋಧಕರು ಹಳ್ಳಿಗಳಲ್ಲಿ ಉಳಿದು, ಏನು ನೋಡಿದಿರಿ, ಏನು ತಿಳೀತು ಅಂತ ಕೇಳಿ ಬರೆದುಕೊಂಡದ್ದು ನಿಜ. ಆದರೆ ನಾಳೆ ಏನು ತೋರಿಸಬೇಕು ಅಂತ ತೀರ್ಮಾನಿಸುವ ಕುರ್ಚಿ ಹಳ್ಳಿಗೆ ಬರಲಿಲ್ಲ. ನೋಡುವ ಹಕ್ಕು ಬಂತು, ಪಟ್ಟಿ ಬರೆಯುವ ಹಕ್ಕು ಬರಲಿಲ್ಲ. ಮುಂದಿನ ಐವತ್ತು ವರ್ಷದ ಕತೆಯೆಲ್ಲ ಈ ಒಂದು ಮಾತಿನಲ್ಲಿದೆ.

ಬೇರೆ ರೀತಿ ಸಾಧ್ಯವೇ ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಅದೇ 1975ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಪ್ರಸಾರ ಕೇಂದ್ರ ಶುರುವಾಯಿತು. ಅಹಮದಾಬಾದಿನ ಇಸ್ರೋ ಮಂದಿ ಆ ಜಿಲ್ಲೆಯ ಹಳ್ಳಿಗಳಿಗೆಂದೇ ಕಾರ್ಯಕ್ರಮ ಮಾಡಿದರು. ಕನಿಷ್ಠ ಕೂಲಿ, ಜಾತಿ ತಾರತಮ್ಯ, ಕುಡಿತ ಅಲ್ಲಿ ವಸ್ತುಗಳಾದವು. ಹಳ್ಳಿಯ ಜನರೇ ಅದರಲ್ಲಿ ಪಾಲುಗೊಂಡರು. 1984ರಲ್ಲಿ ಅದಕ್ಕೆ ಯುನೆಸ್ಕೋದ ಬಹುಮಾನವೂ ಬಂತು. ಪ್ರಶಸ್ತಿ ಬಂದ ಮೇಲೆ ಅಂಥ ಕೇಂದ್ರಗಳು ಜಿಲ್ಲೆಗೊಂದು ಹುಟ್ಟಬೇಕಿತ್ತಲ್ಲ? ಹುಟ್ಟಲಿಲ್ಲ. ಪಿಜ್ ಕೂಡ ಉಳಿಯಲಿಲ್ಲ.

2

ಯಾಕೆ ಹುಟ್ಟಲಿಲ್ಲ? ದಿಲ್ಲಿಗೆ ಬೇರೆ ಕೆಲಸ ಇತ್ತು. 1982ರ ಆಗಸ್ಟ್ 15ಕ್ಕೆ 'ರಾಷ್ಟ್ರೀಯ ಕಾರ್ಯಕ್ರಮ' ಶುರುವಾಯಿತು, ಅದೇ ವರ್ಷ ಏಷ್ಯಾಡ್ ಆಟ, ಬಣ್ಣದ ಟೀವಿ. ರಾತ್ರಿ ಊಟ ಮುಗಿಸಿ ಜನ ಕೂಡುವ ಹೊತ್ತು ದಿಲ್ಲಿಯ ಪಾಲಾಯಿತು. ಟ್ರಾನ್ಸ್‌ಮಿಟರುಗಳು ದೇಶದ ತುಂಬ ಎದ್ದವು. ಅವು ಊರಿನ ಮಾತು ಆಚೆ ಒಯ್ಯುವುದಕ್ಕಿಂತ ದಿಲ್ಲಿಯ ಮಾತನ್ನು ಊರಿಗೆ ಇಳಿಸುವುದಕ್ಕೆ ದುಡಿದವು. ಪಿ.ಸಿ. ಜೋಶಿ ಅವರ ಸಮಿತಿ ದಿಲ್ಲಿಯ ಈ ಹಿಡಿತವನ್ನು ಟೀಕಿಸಿ ವರದಿ ಕೊಟ್ಟಿತು. ವರದಿ ಕಪಾಟು ಸೇರಿತು.

ಹಾಗಂತ ಆ ಕಾಲದ ದೂರದರ್ಶನದಲ್ಲಿ ಏನೂ ಇರಲಿಲ್ಲ ಅಂತ ಬರೆದರೆ ನಮ್ಮ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಸತ್ಯಜಿತ್ ರಾಯ್ 1981ರಲ್ಲಿ ಪ್ರೇಮಚಂದರ ಕತೆಯನ್ನು 'ಸದ್ಗತಿ' ಅಂತ ದೂರದರ್ಶನಕ್ಕೇ ಮಾಡಿಕೊಟ್ಟರು. ಚಮ್ಮಾರ ದುಖಿ ಬ್ರಾಹ್ಮಣನ ಮನೆ ಮುಂದೆ ಹಸಿದ ಹೊಟ್ಟೆಯಲ್ಲಿ ಕೊರಡು ಸೀಳುತ್ತಾ ಸಾಯುತ್ತಾನೆ. ಮುಟ್ಟಬಾರದ ಹೆಣಕ್ಕೆ ಹಗ್ಗ ಬಿಗಿದು ಎಳೆಯುತ್ತಾನೆ ಬ್ರಾಹ್ಮಣ. ಆ ಹಗ್ಗದ ದೃಶ್ಯವನ್ನು ನೋಡಿದವರು ಮರೆಯಲಾರರು. ಆದರೂ ನಾವು ಕೇಳಲೇಬೇಕಾದ ಮಾತೊಂದಿದೆ: ಪರದೆಗೆ ನಾವು ಬಂದದ್ದು ಸಾಯುವುದಕ್ಕೆ. ಹೆಣವಾಗಿ ಬಂದವನಿಗೆ ಮೇಲ್ಜಾತಿಯ ನೋಡುಗ ಕಣ್ಣೀರು ಹಾಕಬಲ್ಲ. ಎದ್ದು ನಿಂತು 'ಕೂಲಿ ಎಷ್ಟು ಕೊಡ್ತೀರಿ ಸಾಮೇರ' ಅಂತ ಕೇಳುವ ದುಖಿಗೆ ಪಟ್ಟಿಯಲ್ಲಿ ಜಾಗ ಇತ್ತೇ?

1987ರಲ್ಲಿ ರಾಮಾಯಣ ಬಂತು. ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿ, ಟೀವಿಗೆ ಹೂವಿನ ಹಾರ, ಊದಿನಕಡ್ಡಿ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಮಗೆ ಬೇಕಾದದ್ದು 1988ರ ಒಂದು ಘಟನೆ. ಧಾರಾವಾಹಿ ರಾಮನ ಪಟ್ಟಾಭಿಷೇಕಕ್ಕೆ ನಿಂತಿತು. ಸೀತೆಯನ್ನು ಕಾಡಿಗೆ ಕಳಿಸಿದ್ದು, ವಾಲ್ಮೀಕಿಯ ಆಶ್ರಮದಲ್ಲಿ ಲವಕುಶರು ಬೆಳೆದದ್ದು ಬರಲಿಲ್ಲ. ಜಲಂಧರಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಅವರು ವಾಲ್ಮೀಕಿಯನ್ನು ತಮ್ಮ ಗುರು ಅಂತ ನಂಬಿದವರು. ಮುಷ್ಕರ ಉತ್ತರದ ಬೇರೆ ಊರುಗಳಿಗೂ ಹಬ್ಬಿತು. ಬೀದಿಯಲ್ಲಿ ಕಸ ರಾಶಿ ಬಿತ್ತು, ರೋಗದ ಭಯ ಹುಟ್ಟಿತು, ಸರ್ಕಾರ ಮಣಿಯಿತು. ಉತ್ತರ ರಾಮಾಯಣದ ಕಂತುಗಳು ತಯಾರಾದವು.

ಗೆಳೆಯರೇ, ಈ ದೇಶದ ಟೀವಿಯ 'ಮುಂದಿನ ಕಾರ್ಯಕ್ರಮ'ವನ್ನು ದಲಿತರು ಬದಲಾಯಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ಗೊತ್ತಿಲ್ಲ. ಅವರು ಕೇಳಿ ಪಡೆದದ್ದು ಪುರಾಣದ ಮುಂದಿನ ಭಾಗವನ್ನೇ, ತಮ್ಮ ಸಂಬಳವನ್ನಲ್ಲ, ಗುಂಡಿಗೆ ಇಳಿಯುವ ತಮ್ಮ ಬದುಕಿನ ಕತೆಯನ್ನಲ್ಲ ಅಂತ ಆಕ್ಷೇಪ ಎತ್ತಬಹುದು. ಎತ್ತೋಣ. ಆದರೆ ಪಟ್ಟಿ ದೇವರು ಬರೆದದ್ದಲ್ಲ, ಪೊರಕೆ ಕೆಳಗಿಟ್ಟರೆ ಅದು ಬದಲಾಗುತ್ತದೆ ಎಂಬುದನ್ನು ಆ ಮಂದಿ ತೋರಿಸಿದರು. ಇದನ್ನು ಯಾವ ಸಮಿತಿಯ ವರದಿಯೂ ತೋರಿಸಿರಲಿಲ್ಲ.

3

ನಾವು ಪರದೆಗೆ ಬರುವುದೇ ಇಲ್ಲವೇ? ಬರುತ್ತೇವೆ. ಹೇಗೆ ಬರುತ್ತೇವೆ ಎಂಬುದೇ ಪ್ರಶ್ನೆ.

ಮೊದಲು ಕೃಷಿ. ದಿಲ್ಲಿಯ 'ಕೃಷಿ ದರ್ಶನ' 1967ರಲ್ಲಿ ಶುರುವಾದದ್ದು; ಆ ಮಾದರಿ ಎಲ್ಲ ಭಾಷೆಗಳಿಗೂ ಬಂತು. 'ರೈತ ಬಾಂಧವರೇ' ಅಂತ ಮಾತು ಶುರು. ಯಾರು ಈ ಬಾಂಧವರು? ಬೀಜ ಕೊಳ್ಳುವವನು, ಔಷಧಿ ಹೊಡೆಸುವವನು, ಅಂದರೆ ಹೊಲ ಇದ್ದವನು. ಆ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವಳು ಬಾಂಧವಳಲ್ಲ. ತೊಗರಿಗೆ ಕ್ವಿಂಟಲಿಗೆ ಎಷ್ಟು ಅಂತ ದಿನಾ ಹೇಳ್ತಾರೆ. ತೊಗರಿ ಕೊಯ್ಯೋರಿಗೆ ದಿನಕ್ಕೆ ಎಷ್ಟು ಅಂತ ಯಾಕೆ ಹೇಳೋದಿಲ್ಲ? ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಬೇಳೆಗೆ ಗುರುತು ಸಿಕ್ಕಿತು. ಕೊಯ್ದ ಕೈಗೆ?

ಎರಡನೆಯದು ಹಾಡು. ರಾಜ್ಯೋತ್ಸವ ಬಂದರೆ ಹಲಗಿ ಬಾರಿಸುವವರು ಪರದೆಗೆ ಬರುತ್ತಾರೆ. ಜರತಾರಿ ಪೇಟ, ಹೊಸ ಅಂಗಿ, ಎರಡು ನಿಮಿಷ. ಕೆಳಗೆ ತಂಡದ ಹೆಸರು ಬರುತ್ತದೆ, ಬಾರಿಸುವವನ ಹೆಸರು ಬರುವುದು ಅಪರೂಪ. ಅದೇ ಹಲಗಿಯನ್ನು ಊರಲ್ಲಿ ಸಾವಿಗೆ ಬಾರಿಸು ಅಂತ ಕಟ್ಟುಪಾಡು ಹಾಕಿದವರು ಯಾರು, ಒಲ್ಲೆ ಅಂದವನಿಗೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಕಲೆಯನ್ನು ಒಳಗೆ ಕರೆದು ಕಲಾವಿದನನ್ನು ಅಂಗಳದಲ್ಲಿ ನಿಲ್ಲಿಸುವುದು ನಮಗೆ ಹಳೆಯ ಪರಿಚಯ.

ಮೂರನೆಯದು ಭಾಷೆ. ನಮ್ಮ ಕಡೆಯ ಮಾತು ಸಿನಿಮಾದಲ್ಲಿ, ಟೀವಿಯಲ್ಲಿ ಬಂತೆಂದರೆ ಜನ ನಗಲಿಕ್ಕೆ ತಯಾರಾಗುತ್ತಾರೆ. 'ಯಾಕ್ರಿ, ಹೆಂಗದೀರಿ' ಅಂದರೆ ಸಾಕು, ಅದು ಹಾಸ್ಯದ ಪಾತ್ರ. ಗಂಭೀರ ಮಾತಿಗೆ, ಸುದ್ದಿಗೆ, ಪ್ರೇಮಕ್ಕೆ ಬೇರೊಂದು ಕನ್ನಡ. ಮನೆಗೆ ಮೊದಲ ಡಿಗ್ರಿ ತಂದ ನಮ್ಮಂಥವರು ಕಾಲೇಜಿನ ಸೆಮಿನಾರಿನಲ್ಲಿ ಬಾಯಿ ತೆರೆಯುವ ಮುಂಚೆ ನಾಲಿಗೆಯನ್ನು ಒಂದು ಸಲ ತೊಳೆದುಕೊಳ್ಳುತ್ತೇವೆ. ಇದನ್ನು ನಮಗೆ ಕಲಿಸಿದ ಮೇಷ್ಟರುಗಳಲ್ಲಿ ಟೀವಿಯೂ ಒಂದು. ಕಲಬುರಗಿಗೇ ಒಂದು ಕೇಂದ್ರ ಇದ್ದೂ ಕಲಬುರಗಿಯ ಮಾತು ನಗೆಪಾಟಲಾಗಿ ಉಳಿದದ್ದು ಆ ಕೇಂದ್ರಕ್ಕೆ ಸಿಕ್ಕ ಹೊತ್ತು ಎಷ್ಟೆಂಬುದನ್ನು ಹೇಳುತ್ತದೆ. ಇನ್ನು ತಾಂಡಾದ ಲಂಬಾಣಿ ಮಾತು, ದರ್ಗಾದ ಸುತ್ತಿನ ದಖನಿ ಉರ್ದು—ಇವುಗಳ ಪಾಡು ಕೇಳುವುದೇ ಬೇಡ.

4

2020ರ ವರ್ಷವನ್ನು ಬೇರೆಯಾಗಿಯೇ ಓದಬೇಕು. ಆ ಒಂದು ವರ್ಷದಲ್ಲಿ ಟೀವಿಯ ಮೂರು ಮುಖ ಕಂಡವು.

ಮಾರ್ಚಿನಲ್ಲಿ ಲಾಕ್‌ಡೌನ್. ಗುಳೆ ಹೋದ ನಮ್ಮ ಜನ ಬೊಂಬಾಯಿ, ಪುಣೆ, ಬೆಂಗಳೂರಿನಿಂದ ಗಂಟು ಹೊತ್ತು ನಡೆದು ಬರುತ್ತಿದ್ದರು. ಮಾರ್ಚ್ 28ರಿಂದ ದೂರದರ್ಶನ ಮತ್ತೆ ರಾಮಾಯಣ ಹಾಕಿತು. ಜನರ ಬೇಡಿಕೆಯಂತೆ ಅಂದರು. ಹೆದ್ದಾರಿಯಲ್ಲಿ ನಡೆಯುವವರ ಬೇಡಿಕೆಯನ್ನು ಯಾರೂ ಕೇಳಿರಲಿಲ್ಲ. ವನವಾಸದ ಕತೆ ಒಳಗೆ ನಡೆಯುತ್ತಿತ್ತು, ವನವಾಸ ಹೊರಗೆ ನಡೆಯುತ್ತಿತ್ತು.

ಜುಲೈನಲ್ಲಿ ಜೀ ಕನ್ನಡ ಎಂಬ ಖಾಸಗಿ ವಾಹಿನಿ ಹಿಂದಿಯ ಅಂಬೇಡ್ಕರ್ ಧಾರಾವಾಹಿಯನ್ನು ಡಬ್ ಮಾಡಿ 'ಮಹಾನಾಯಕ' ಅಂತ ತೋರಿಸಿತು. ಆಮೇಲೆ ಆದದ್ದು ನಿಮಗೆ ಗೊತ್ತು. ಓಣಿ ಓಣಿಯಲ್ಲಿ, ಹಟ್ಟಿ ಹಟ್ಟಿಯಲ್ಲಿ ಹುಡುಗರು ಸ್ವಂತ ಚಂದಾ ಎತ್ತಿ ಬ್ಯಾನರ್ ಕಟ್ಟಿದರು. ಒಂದು ಧಾರಾವಾಹಿಗೆ ಹಳ್ಳಿಯವರು ಬ್ಯಾನರ್ ಕಟ್ಟಿದ್ದು! ವಾಹಿನಿಯ ಮುಖ್ಯಸ್ಥರಿಗೆ ನಿಲ್ಲಿಸಿ ಅಂತ ಬೆದರಿಕೆ ಕರೆಗಳು ಬಂದವು. ಕಲೆಯಾಗಿ ನೋಡಿದರೆ ಆ ಧಾರಾವಾಹಿಯಲ್ಲಿ ಕೊರತೆ ಬಹಳ: ಅಬ್ಬರದ ಸಂಗೀತ, ಪವಾಡಪುರುಷನ ಹಾಗೆ ಬಾಲಕ, ಬಾಯಿಗೆ ಹೊಂದದ ಕನ್ನಡ. ಆದರೆ ಸಾರ್ವಜನಿಕ ದುಡ್ಡಿನ ದೂರದರ್ಶನ ರಾಮಾಯಣ ಹಾಕಿದ ವರ್ಷವೇ ಅಂಬೇಡ್ಕರರನ್ನು ಕನ್ನಡದ ಮನೆಗಳಿಗೆ ತಂದದ್ದು ಜಾಹೀರಾತಿನ ಅಂಗಡಿ. ನಮ್ಮ ಹಸಿವು ಎಷ್ಟಿದೆ ಅಂತ ವ್ಯಾಪಾರಿಗೆ ತಿಳಿಯಿತು, ಸರ್ಕಾರಕ್ಕೆ ತಿಳಿಯಲಿಲ್ಲ.

ಅದೇ ಜುಲೈನಲ್ಲಿ ಚಂದನದಲ್ಲಿ ಪಾಠ ಶುರುವಾಯಿತು. ಸೇತುಬಂಧ, ಆಮೇಲೆ ಸಂವೇದ. ಶಾಲೆ ಮುಚ್ಚಿದ್ದಾಗ ಸರ್ಕಾರಿ ಶಾಲೆಯ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿದ್ದು ಆ ಪಾಠಗಳು. ಟೀವಿಯಿಂದ ದುಡ್ಡು ಬರಬೇಕು ಅನ್ನುವವನು ಇಂಥದ್ದಕ್ಕೆ ದಿನಾ ಹೊತ್ತು ಕೊಡಲಾರ. 2002ರಿಂದ ಬಂದ 'ಥಟ್ ಅಂತ ಹೇಳಿ' ಗೆದ್ದವರಿಗೆ ಪುಸ್ತಕ ಕೊಡುವ ಪದ್ಧತಿ ಇಟ್ಟುಕೊಂಡದ್ದೂ ಇದೇ ಜಾತಿಯ ಒಳ್ಳೆಯ ಕೆಲಸ. ಸಾರ್ವಜನಿಕ ಟೀವಿ ಬೇಕು ಅಂತ ನಾವು ಹಠ ಹಿಡಿಯುವುದು ಇಂಥದ್ದಕ್ಕೇ.

ಆದರೆ 1975ಕ್ಕೂ 2020ಕ್ಕೂ ಒಂದು ವ್ಯತ್ಯಾಸ ನೋಡ್ರಿ. ಆಗ ಪೆಟ್ಟಿಗೆ ಶಾಲೆಯಲ್ಲಿತ್ತು. ಈಗ ಪೆಟ್ಟಿಗೆ ಉಳ್ಳವರ ಮನೆಯಲ್ಲಿದೆ. ಮನೆಯಲ್ಲಿ ಟೀವಿ ಇಲ್ಲದ ಮಗು ಸಂವೇದ ನೋಡಬೇಕಾದರೆ ಯಾರ ಹೊಸ್ತಿಲು ದಾಟಬೇಕು? ದಾಟಿಸುತ್ತಾರೆಯೇ? ಈ ಪ್ರಶ್ನೆಗೆ ಉತ್ತರ ಹಳ್ಳಿ ಶಾಲೆಯ ಮೇಷ್ಟರಿಗೆ ಗೊತ್ತಿದೆ. ವಿದ್ಯಾಗಮ ಅಂತ ಗುಡಿಯ ಕಟ್ಟೆ, ಮರದ ನೆರಳು ಹುಡುಕಿ ಪಾಠ ಮಾಡಿದವರು ಅವರು. ಯಾವ ಕಟ್ಟೆಗೆ ಯಾವ ಮಗು ಬರಲಾರದು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

5

ಈಗ ಮತ್ತೆ ಕಲಬುರಗಿಗೆ ಬರೋಣ. 2021ರಲ್ಲಿ ಹಳೆಯ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸುವ ಕೆಲಸ ನಡೆಯಿತು. ಕಲಬುರಗಿ ಕೇಂದ್ರ ಮುಚ್ಚುತ್ತದೆ ಅಂತ ಸುದ್ದಿ ಹಬ್ಬಿತು. ಪ್ರಸಾರ ಭಾರತಿ ಸ್ಪಷ್ಟೀಕರಣ ಕೊಟ್ಟಿತು: ಮುಚ್ಚುವುದಿಲ್ಲ, ಅಸ್ಸಾಮಿನ ಸಿಲ್ಚಾರ್ ಅಲ್ಲಿನ ರಾಜ್ಯ ವಾಹಿನಿಗೆ, ಕಲಬುರಗಿ ಚಂದನಕ್ಕೆ ಕಾರ್ಯಕ್ರಮ ತಯಾರಿಸಿ ಕೊಡುತ್ತವೆ, ಯೂಟ್ಯೂಬಿನಲ್ಲೂ ಇರುತ್ತವೆ. ಗೋಪುರದ ತಂತ್ರಜ್ಞಾನ ಹಳತಾಯಿತು, ವಿದ್ಯುತ್ ಖರ್ಚು ದಂಡ, ತರಂಗಾಂತರವನ್ನು 5ಜಿಯಂಥ ಹೊಸದಕ್ಕೆ ಬಿಡಬೇಕು ಎಂಬುದು ಅವರ ವಾದ.

ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವ ಕಾಲ ಮುಗಿದಿದೆ. ಕಂಬಕ್ಕಾಗಿ ನಾವು ಅಳಬೇಕಾಗಿಲ್ಲ. ಕಂಬದ ಜೊತೆ ಹೋದದ್ದೇನು ಅಂತ ನೋಡಬೇಕು. ತನ್ನ ಗೋಪುರ ಇದ್ದ ಕೇಂದ್ರಕ್ಕೆ, ಎಷ್ಟೇ ಕಡಿಮೆಯಿರಲಿ, ತನ್ನದೊಂದು ಹೊತ್ತು ಇತ್ತು. ಸುತ್ತಲಿನ ಊರುಗಳಿಗೆ ತಾನೇ 'ಮುಂದಿನ ಕಾರ್ಯಕ್ರಮ' ಅಂತ ಹೇಳಬಹುದಿತ್ತು. ಈಗ ಅದು ಸರಕು ಕಳಿಸುವ ಜಾಗ. ಸರಕನ್ನು ಯಾವ ಹೊತ್ತಿಗೆ ಇಡಬೇಕು, ಇಡಬೇಕೋ ಬೇಡವೋ, ತೀರ್ಮಾನ ದೂರದಲ್ಲಿ. ಮೊದಲು ಹೈದರಾಬಾದು, ಆಮೇಲೆ ದಿಲ್ಲಿ, ಈಗ ಬೆಂಗಳೂರು. ಸಂವಿಧಾನದ 371ಜೆ ವಿಧಿ ಬಂದು ಈ ಭಾಗಕ್ಕೆ ಓದಿನಲ್ಲಿ, ನೌಕರಿಯಲ್ಲಿ ಪಾಲು ಸಿಕ್ಕಿತು. ಹೊತ್ತಿನಲ್ಲಿ ಪಾಲು ಬೇಕು ಅಂತ ಕೇಳಿದವರಿಲ್ಲ. ಕೇಂದ್ರದಲ್ಲಿ ದುಡಿಯುವವರನ್ನು ಇದಕ್ಕೆ ದೂರುವುದು ತಪ್ಪು. ಅಡಿಗೆಯವನ ಕೈಯಲ್ಲಿ ಬಡಿಸುವ ಸೌಟಿಲ್ಲ.

ಕೇಳಲಿಕ್ಕೆ ನಮಗೆ ಆಧಾರ ಇದೆಯೇ? ಇದೆ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 1990ರಲ್ಲಿ ಪಾರ್ಲಿಮೆಂಟು ಒಪ್ಪಿದ, 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯ್ದೆಯ 12ನೇ ಸೆಕ್ಷನ್ನನ್ನು ಪ್ರತಿಯೊಬ್ಬ ಮೇಷ್ಟರೂ ಒಮ್ಮೆ ಓದಬೇಕು. ಸಾಮಾಜಿಕ ನ್ಯಾಯವನ್ನು ಬೆಳೆಸುವುದು, ಶೋಷಣೆ, ಅಸಮಾನತೆ, ಅಸ್ಪೃಶ್ಯತೆಯಂಥ ಪಿಡುಗುಗಳ ವಿರುದ್ಧ ಹೋರಾಡುವುದು, ದುಡಿಯುವ ವರ್ಗದ ಹಕ್ಕು ಕಾಯುವುದು, ಹಳ್ಳಿಯ, ಗಡಿಯ, ಹಿಂದುಳಿದ ಸೀಮೆಯ ಜನರಿಗೆ ಸೇವೆ ಸಲ್ಲಿಸುವುದು—ಇವೆಲ್ಲ ಆ ಸಂಸ್ಥೆಯ ಕರ್ತವ್ಯ ಅಂತ ಅಲ್ಲಿ ಅಚ್ಚಾಗಿದೆ. ಅಸ್ಪೃಶ್ಯತೆ ಎಂಬ ಪದ ಕಾಯ್ದೆಯಲ್ಲಿದೆ. ಪಟ್ಟಿಯಲ್ಲಿ ಹುಡುಕಿ.

6

ಬರೀ ಬೈದು ಮುಗಿಸುವುದು ವಿಮರ್ಶೆಯಲ್ಲ. ಕಲಬುರಗಿಗೆ ದಿನಕ್ಕೆ ಒಂದು ಗಂಟೆ, ರಾತ್ರಿ ಊಟದ ಹೊತ್ತಿನಲ್ಲಿ, ಅದರದೇ ಹೊತ್ತು ಅಂತ ಬಿಟ್ಟುಕೊಡಲಿ. ಆ ಹೊತ್ತಿಗೆ ನಾವು ಹಾಕುವ ಮುಂದಿನ ಕಾರ್ಯಕ್ರಮಗಳು ಇವು:

ಸೋಮವಾರ: ಈ ವಾರದ ಕೂಲಿ. ಯಾವ ತಾಲ್ಲೂಕಿನಲ್ಲಿ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಕಾನೂನು ಹೇಳುವುದು ಎಷ್ಟು. ಹೇಳುವವರು ಕೂಲಿಯವರೇ.

ಮಂಗಳವಾರ: ಗುಳೆ. ಬೆಂಗಳೂರು, ಪುಣೆ, ಮುಂಬೈಯ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಿಂದ. ಊರಲ್ಲಿ ಉಳಿದ ಮುದುಕರು ತಮ್ಮ ಮಕ್ಕಳನ್ನು ನೋಡಲಿ.

ಬುಧವಾರ: ಒಂದು ವಾರ ಲಂಬಾಣಿ, ಒಂದು ವಾರ ದಖನಿ. ಕೆಳಗೆ ಕನ್ನಡದ ಅಕ್ಷರ.

ಗುರುವಾರ: ಕಟ್ಟೆ. ಕುಡಿಯುವ ನೀರು, ಸ್ಮಶಾನಕ್ಕೆ ಜಾಗ, ಹಾಸ್ಟೆಲಿನ ಊಟ. ಕೇಳುವವರು ಓಣಿಯವರು, ಉತ್ತರ ಕೊಡುವವರು ಅಧಿಕಾರಿಗಳು. ಉತ್ತರ ಬಾರದಿದ್ದರೆ ಮುಂದಿನ ಗುರುವಾರವೂ ಅದೇ ಪ್ರಶ್ನೆ.

ಶುಕ್ರವಾರ: ಕಡಕೋಳ ಮಡಿವಾಳಪ್ಪನ ತತ್ವಪದ, ಮೊಹರಂ ಪದ, ಹಲಗಿ. ಎರಡು ನಿಮಿಷವಲ್ಲ, ಗಂಟೆ ಪೂರ್ತಿ. ಹಾಡಿದವರ ಹೆಸರು, ಊರು, ಅವರ ಮಾತು ಸಮೇತ.

ಶನಿವಾರ: ಹಾಸ್ಟೆಲ್ ಹುಡುಗ ಹುಡುಗಿಯರು ಕ್ಯಾಮೆರಾ ಹಿಡಿದು ಮಾಡಿದ್ದು. ಅಲುಗಿದರೂ ಪರವಾಗಿಲ್ಲ.

ಭಾನುವಾರ: ನಮ್ಮ ಚರಿತ್ರೆ. ಬಿ. ಶ್ಯಾಮಸುಂದರ್ 1968ರಲ್ಲಿ ಭೀಮ ಸೇನೆ ಕಟ್ಟಿದ್ದು ಇದೇ ಗುಲ್ಬರ್ಗದಲ್ಲಿ. ಅವರ ಬಗ್ಗೆ ಒಂದು ಧಾರಾವಾಹಿ ಯಾಕೆ ಆಗಬಾರದು? ಅದನ್ನು ಹಿಂದಿಯಿಂದ ಡಬ್ ಮಾಡಬೇಕಾಗಿಲ್ಲ. ಇಲ್ಲೇ ಬರೆಯುವವರಿದ್ದಾರೆ.

ಇದು ಆಗದ ಮಾತು ಅನ್ನುವವರಿಗೆ ಪಿಜ್ ಹಳ್ಳಿಯನ್ನು ತೋರಿಸಿ. ಜನ ಕೇಳಿದರೆ ಪಟ್ಟಿ ಬದಲಾಗುವುದಿಲ್ಲ ಅನ್ನುವವರಿಗೆ ಜಲಂಧರಿನ ಪೊರಕೆಗಳನ್ನು ತೋರಿಸಿ.

ಒಂದು ಕೆಲಸ ಈಗಲೇ ಶುರು ಮಾಡಬಹುದು. ಮೇಷ್ಟರುಗಳೇ, ಹಾಸ್ಟೆಲಿನ ಗೆಳೆಯರೇ, ಒಂದು ನೋಟ್‌ಬುಕ್ ಇಡಿ. ಒಂದು ತಿಂಗಳು ಚಂದನದ ಪಟ್ಟಿಯನ್ನು ದಿನಾ ಬರೆಯಿರಿ. ಎದುರಿಗೆ ನಾಲ್ಕು ಕಲಂ ಎಳೆಯಿರಿ: ಯಾವ ಊರು ಬಂತು, ಯಾರ ಹೆಸರು ಬಂತು, ಯಾವ ಮಾತು ಕೇಳಿತು, ಪ್ರಶ್ನೆ ಕೇಳಿದವರು ಯಾರು. ಖಾಲಿ ಉಳಿದ ಮನೆಗಳನ್ನು ಖಾಲಿಯಾಗಿಯೇ ಬಿಡಿ. ತಿಂಗಳ ಕೊನೆಗೆ ಆ ನೋಟ್‌ಬುಕ್ಕನ್ನು ಗ್ರಾಮಸಭೆಯಲ್ಲಿ ಓದಿ, ಠರಾವು ಬರೆಸಿ, ಕಲಬುರಗಿ ಕೇಂದ್ರಕ್ಕೂ ಬೆಂಗಳೂರು ಕೇಂದ್ರಕ್ಕೂ ಅಂಚೆಯಲ್ಲಿ ಕಳಿಸಿ. ಒಂದು ಪ್ರತಿ ಈ ಪತ್ರಿಕೆಗೂ ಕಳಿಸಿ. ನಾವು ಅಚ್ಚು ಹಾಕುತ್ತೇವೆ.